ಎರಡು ತಂತಿ, ನಡುವೊಂದು ಗೋಡೆ

ನಿಮ್ಮ ಕಚೇರಿಯ ಮೇಜಿನ ಮೇಲೆ ಇನ್ನೂ ಫೋನ್ ಇದ್ದರೆ ಒಮ್ಮೆ ಅದನ್ನು ತಿರುಗಿಸಿ ನೋಡಿ. ಹಿಂದೆ ಸಿಕ್ಕಿಸಿರುವುದು ಸಣ್ಣ ಟೆಲಿಫೋನ್ ವೈರೋ, ಕಂಪ್ಯೂಟರಿಗೆ ಹಾಕುವಂಥ ದಪ್ಪ ಕೇಬಲ್ಲೋ? ದಪ್ಪದ್ದಾದರೆ ನಿಮ್ಮ ಮಾತು ಇಂಟರ್ನೆಟ್ಟಿನ ರೀತಿಯಲ್ಲೇ ಹೊರಡುತ್ತಿದೆ. ಇದಕ್ಕೆ ಬೇಕಾದ ಯಂತ್ರಗಳು 1990ರ ದಶಕದ ಕೊನೆಗೇ ಸಿದ್ಧವಾಗಿದ್ದವು. ಆದರೂ ನಮ್ಮ ದೇಶದ ವ್ಯಾಪಾರಸ್ಥರು ನಿಶ್ಚಿಂತೆಯಿಂದ ಆ ಕಡೆ ಹೊರಳಲು ಇಪ್ಪತ್ತು ವರ್ಷ ಹಿಡಿಯಿತು. ಅಡ್ಡ ನಿಂತದ್ದು ಕಾನೂನು. ಆ ಕಾನೂನಿಗೂ ಒಂದು ಕಾರಣವಿತ್ತು.

ಮೊದಲು ಯಂತ್ರದ ಮಾತು, ಚುಟುಕಾಗಿ. ಹಳೆಯ ಫೋನಿನಲ್ಲಿ ನೀವು ಕರೆ ಮಾಡಿದರೆ ಇಬ್ಬರ ನಡುವೆ ಒಂದು ದಾರಿ ಪೂರ್ತಿ ಮೀಸಲಾಗುತ್ತಿತ್ತು. ಸುಮ್ಮನಿದ್ದರೂ ಮೀಟರ್ ಓಡುತ್ತಿತ್ತು. ಇಂಟರ್ನೆಟ್ ಕರೆಯಲ್ಲಿ ಮಾತನ್ನು ಸೆಕೆಂಡಿಗೆ ಸುಮಾರು 50 ಪೊಟ್ಟಣಗಳಾಗಿ ಕಟ್ಟಿ, ಇಮೇಲು, ಚಿತ್ರಗಳ ಜೊತೆ ಅದೇ ದಾರಿಯಲ್ಲಿ ಕಳಿಸುತ್ತಾರೆ. ಅಮೆರಿಕದ ಅರ್ಪಾನೆಟ್ ಜಾಲದಲ್ಲಿ 1974ರಲ್ಲೇ ಇದನ್ನು ಮಾಡಿ ನೋಡಿದ್ದರು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ ಇದಕ್ಕೊಂದು ಸಾಫ್ಟ್‌ವೇರ್ ಮಾಡಿ ಮಾರುಕಟ್ಟೆಗೆ ಬಿಟ್ಟಿತು. ಅದೇ ವರ್ಷ ಆಗಸ್ಟ್ 15ರಂದು ವಿಎಸ್ಎನ್ಎಲ್ ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತು.

ಆಗ ನಮ್ಮಲ್ಲಿ ದೂರದ ಊರಿಗೆ ಫೋನ್ ಮಾಡುವುದು ಎಂದರೆ ಏನೆಂದು ನಿಮ್ಮಲ್ಲಿ ಅನೇಕರಿಗೆ ಹೇಳಬೇಕಾಗಿಲ್ಲ. ಮೊದಲೆಲ್ಲ ಟ್ರಂಕ್ ಕಾಲ್. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ. ಬುಕ್ ಮಾಡಿ ಕಾಯಬೇಕು. 1960ರಲ್ಲಿ ಕಾನ್ಪುರ-ಲಕ್ನೋ ನಡುವೆ ಎಸ್‌ಟಿಡಿ ಶುರುವಾಯಿತು. ಆಮೇಲೆ ಬೂತುಗಳು ಬಂದವು, ಕೆಂಪು ಅಂಕಿಯ ಮೀಟರು ಬಂತು. ರಾತ್ರಿ ಹನ್ನೊಂದರ ನಂತರ ಕಾಲು ದರ ಎಂದು ಮುಂಬಯಿ, ಪುಣೆಯ ಬೂತುಗಳ ಮುಂದೆ ಊರಿಗೆ ಮಾತಾಡುವವರ ಸಾಲು.

ಅಷ್ಟು ದುಬಾರಿ ಏಕೆ? ನೀವು ಎಸ್‌ಟಿಡಿಗೆ ತೆತ್ತ ದುಡ್ಡಿನಲ್ಲಿ ಒಂದು ಪಾಲು ಲೋಕಲ್ ಕರೆಯನ್ನೂ ಹಳ್ಳಿಯ ಫೋನನ್ನೂ ಸಾಕುತ್ತಿತ್ತು. ಹಳ್ಳಿಗೆ ತಂತಿ ಎಳೆಯುವ ಖರ್ಚು ಅಲ್ಲಿನ ಬಾಡಿಗೆಯಿಂದ ಹುಟ್ಟುತ್ತಿರಲಿಲ್ಲ. ಸಿ-ಡಾಟ್ ಸಂಸ್ಥೆ ಹವಾನಿಯಂತ್ರಣವಿಲ್ಲದೆ, ಧೂಳು ಬಿಸಿಲಿನಲ್ಲೂ ನಡೆಯುವಂತೆ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸಕ್ಕಿಳಿದದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಅಂಥ ಊರುಗಳ ಫೋನು ರಿಂಗಾಗಬೇಕಾದರೆ ಮಹಾನಗರದ ಅಂಗಡಿಯವನು ಕೈಬಿಚ್ಚಿ ಬಿಲ್ ಕಟ್ಟಬೇಕಿತ್ತು. ಅವನೇ ಇಂಟರ್ನೆಟ್ಟಿಗೆ ಜಾರಿಕೊಂಡರೆ ಹಳ್ಳಿಯ ಫೋನಿಗೆ ದಿಕ್ಕು ಯಾರು? ಸರ್ಕಾರದ ಈ ಅಳುಕು ಸುಳ್ಳಾಗಿರಲಿಲ್ಲ ಎಂದೇ ನನ್ನ ಭಾವನೆ.

2002ರ ಏಪ್ರಿಲ್ 1ರಂದು ಇಂಟರ್ನೆಟ್ ಕರೆಗೆ ಅನುಮತಿ ಸಿಕ್ಕಿತು, ಆದರೆ ಅರ್ಧಂಬರ್ಧ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಬಹುದು. ಕಂಪ್ಯೂಟರಿನಿಂದ ವಿದೇಶದ ಫೋನಿಗೂ ಸರಿ. ನಮ್ಮದೇ ದೇಶದ ಮಾಮೂಲಿ ಫೋನಿಗೆ ಮಾತ್ರ ಕೂಡದು! ಅಂದರೆ ಚೆನ್ನೈಯಲ್ಲಿ ಕುಳಿತು ಚಿಕಾಗೋಗೆ ಮಾತಾಡಬಹುದು, ಚಿಕ್ಕಮಗಳೂರಿಗೆ ಆಗದು.

ವ್ಯಾಪಾರಕ್ಕೆ ಇದು ಎಂಥ ಪೇಚು ನೋಡಿ. ಮುಂಬಯಿಯಲ್ಲಿ ನಿಮ್ಮದೊಂದು ಕಚೇರಿ, ಹುಬ್ಬಳ್ಳಿಯಲ್ಲಿ ಇನ್ನೊಂದು ಅಂದುಕೊಳ್ಳಿ. ಎರಡರ ನಡುವೆ ಬಾಡಿಗೆ ಲೈನ್ ಹಾಕಿಸಿ ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳಲು ಅಡ್ಡಿಯಿಲ್ಲ. ಆದರೆ ಅದೇ ಲೈನಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಲೋಕಲ್ ದರದಲ್ಲಿ ಗಿರಾಕಿಯ ಮನೆಗೆ ಫೋನ್ ಮಾಡಿದಿರೋ, ಅಪರಾಧ. ಎಸ್‌ಟಿಡಿ ಸುಂಕ ತಪ್ಪಿಸಿದಂತೆ. ಎರಡೂ ತಂತಿ ಒಂದೇ ಕೋಣೆಗೆ ಬರುತ್ತವೆ, ಒಂದನ್ನೊಂದು ಮುಟ್ಟುವಂತಿಲ್ಲ. ಕಾಲ್ ಸೆಂಟರುಗಳ ಕತೆಯೂ ಇದೇ. ಅಮೆರಿಕದ ಗಿರಾಕಿಯ ಕರೆ ಪೊಟ್ಟಣವಾಗಿ ಬೆಂಗಳೂರಿಗೆ ಬರುತ್ತಿತ್ತು, ಉತ್ತರವೂ ಹೋಗುತ್ತಿತ್ತು. ಆ ವ್ಯವಸ್ಥೆಯಿಂದಲೇ ಪಕ್ಕದ ಬೀದಿಯ ಫೋನಿಗೆ ಡಯಲ್ ಮಾಡಲು ಬಿಡುತ್ತಿರಲಿಲ್ಲ.

ಗೋಡೆ ಒಮ್ಮೆಗೇ ಬೀಳಲಿಲ್ಲ. 2003ರಲ್ಲಿ ಹಳ್ಳಿಯ ಫೋನಿನ ನಷ್ಟ ತುಂಬಲು ಕರೆಗಳ ಮೇಲೆ ಬೇರೆಯೇ ಒಂದು ಶುಲ್ಕ ಹಾಕಿದರು. 2008ರಲ್ಲಿ ಅದನ್ನೂ ತೆಗೆದರು. ನಡುವೆ 2006ರ ಮಾರ್ಚ್ 1ರಿಂದ ಬಿಎಸ್ಎನ್ಎಲ್ ಮತ್ತು ಎಂಟಿಎನ್ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿಯ ಯೋಜನೆ ತಂದವು. ಅಷ್ಟೊತ್ತಿಗೆ ಮೊಬೈಲು ಹಳ್ಳಿಯತ್ತ ಹೊರಟಿತ್ತು. ಎಸ್‌ಟಿಡಿಯೇ ಅಗ್ಗವಾದ ಮೇಲೆ ಕಾಯಬೇಕಾದ ಗಂಟು ಏನು ಉಳಿಯಿತು? ಬೂತುಗಳು ಒಂದೊಂದಾಗಿ ಜೆರಾಕ್ಸ್ ಅಂಗಡಿಗಳಾದವು. ಆದ್ಯತೆಯ ಮೇಲೆ ಬೂತು ಪಡೆದು ಅದರಲ್ಲೇ ಬದುಕು ಕಟ್ಟಿಕೊಂಡಿದ್ದ ವಿಕಲಚೇತನರಿಗೆ ಈ ಅಗ್ಗ ದುಬಾರಿಯಾಯಿತು.

ಕಾನೂನು ಮಾತ್ರ ನಿಧಾನಕ್ಕೆ ಹೆಜ್ಜೆ ಹಾಕಿತು. ಇಂಟರ್ನೆಟ್ ಕರೆ ದೇಶದೊಳಗಿನ ಮಾಮೂಲಿ ನಂಬರುಗಳಿಗೂ ಹೋಗಬಹುದು ಎಂದು ಸ್ಪಷ್ಟವಾದದ್ದು 2018ರಲ್ಲಿ, ಅದೂ ಲೈಸೆನ್ಸ್ ಇರುವ ಕಂಪನಿಗಳ ಮೂಲಕ. 2020ರಲ್ಲಿ ಕೊರೊನಾ ಬಂದು ಕಾಲ್ ಸೆಂಟರಿನ ಹುಡುಗ ಹುಡುಗಿಯರು ಮನೆಯಿಂದಲೇ ಫೋನ್ ಎತ್ತಬೇಕಾಯಿತು. ಆ ವರ್ಷದ ನವೆಂಬರಿನಲ್ಲಿ ಅವುಗಳ ನೋಂದಣಿಯ ಕಟ್ಟಳೆ ಹೋಯಿತು. 2021ರ ಜೂನಿನಲ್ಲಿ ದೇಶದ ಕರೆ, ವಿದೇಶದ ಕರೆ ಎಂಬ ಭೇದವೂ ಹೋಗಿ, ಎರಡಕ್ಕೂ ಒಂದೇ ಎಕ್ಸ್‌ಚೇಂಜ್ ಸಾಕು ಎಂದಾಯಿತು.

ನಿಮ್ಮ ಕಚೇರಿಯೋ ಹೋಟೆಲೋ ಈಗ ಹಳೆಯ ಲೈನ್ ಬಿಡುವುದಿದ್ದರೆ ಒಂದು ವಿಷಯ ಗಮನದಲ್ಲಿರಲಿ. ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ವಿದ್ಯುತ್ ಬರುತ್ತಿತ್ತು. ಬೀದಿಯಲ್ಲಿ ಕರೆಂಟು ಹೋದರೂ ಫೋನು ಸಾಯುತ್ತಿರಲಿಲ್ಲ. ಹೊಸ ಫೋನು ನಿಮ್ಮ ಮನೆಯ ಕರೆಂಟನ್ನೇ ನಂಬಿರುತ್ತದೆ. ಹಳೆಯ ಜಾಲವನ್ನು 2027ರ ಜನವರಿಯೊಳಗೆ ಮುಚ್ಚಲು ಹೊರಟಿರುವ ಬ್ರಿಟನ್ನಿನಲ್ಲಿ ದೊಡ್ಡ ತಲೆನೋವಾಗಿರುವುದು ಆಫೀಸಿನ ಫೋನುಗಳಿಗಿಂತ ಹೆಚ್ಚಾಗಿ ಲಿಫ್ಟಿನೊಳಗಿನ ತುರ್ತು ಫೋನು, ಬೆಂಕಿಯ ಅಲಾರಂ, ಒಂಟಿ ವೃದ್ಧರು ಕುತ್ತಿಗೆಗೆ ಹಾಕಿಕೊಳ್ಳುವ ಕರೆಗುಂಡಿ. ಇವೆಲ್ಲ ಹಳೆಯ ತಂತಿಗೆ ಜೋತುಬಿದ್ದಿವೆ. ಲೈನ್ ಕತ್ತರಿಸುವ ಮುನ್ನ ನಿಮ್ಮ ಕಟ್ಟಡದಲ್ಲಿ ಅದಕ್ಕೆ ಏನೇನು ಸಿಕ್ಕಿಸಿದ್ದಾರೆ ಎಂದು ಒಬ್ಬರನ್ನು ಕಳಿಸಿ ನೋಡಿಸಿ. ರೂಟರಿಗೊಂದು ಯುಪಿಎಸ್ ಹಾಕಿಸಿ.