ಅಟ್ಟದ ಮೇಲೆ ಮಲಗಿದ ತಾಯಿ

ಜುಲೈ 26 ಪ್ರಭು ಯೇಸುವಿನ ಅಜ್ಜ ಅಜ್ಜಿಯರಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ. ಇದಕ್ಕೆ ಹತ್ತಿರದ ಜುಲೈ ನಾಲ್ಕನೆಯ ಭಾನುವಾರವನ್ನು ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರ ಹಾಗೂ ವೃದ್ಧರ ದಿನವೆಂದು ಸಾರಿದರು. ಈ ಹಬ್ಬದಲ್ಲಿ ನಾವು ನೆನೆಯಬೇಕಾದ ಒಬ್ಬ ತಾಯಿಯಿದ್ದಾರೆ.

1839ರ ಚಳಿಗಾಲ. ಫ್ರಾನ್ಸಿನ ಸೇಂಟ್ ಸರ್ವಾನ್ ಎಂಬ ಊರಿನಲ್ಲಿ ಜೀನ್ ಜುಗನ್ ಎಂಬ ಬಡ ಹೆಂಗಸು ಕಣ್ಣು ಕಾಣದ, ದಿಕ್ಕಿಲ್ಲದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದರು. ತಮ್ಮ ಹಾಸಿಗೆಯನ್ನೇ ಅವಳಿಗೆ ಬಿಟ್ಟುಕೊಟ್ಟು ತಾವು ಅಟ್ಟದ ಮೇಲೆ ಮಲಗಿದರು. ಮುಂದೆ ಬುಟ್ಟಿ ಹಿಡಿದು, ವೃದ್ಧರ ಪರವಾಗಿ ಮನೆಮನೆಯಲ್ಲಿ ಬೇಡಿದರು. ಹೀಗೆ ಹುಟ್ಟಿದ 'ಬಡವರ ಕಿರಿಯ ಭಗಿನಿಯರ' ಸಭೆ 1882ರಲ್ಲಿ ಕೊಲ್ಕತ್ತಕ್ಕೆ ಬಂತು. ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ಅದರ ವೃದ್ಧಾಶ್ರಮವಿದೆ.

ಆದರೆ ಒಂಟಿತನ ಆ ತಾಯಿಯನ್ನೂ ಬಿಡಲಿಲ್ಲ. 1852ರಿಂದ 1879ರಲ್ಲಿ ಕಣ್ಣುಮುಚ್ಚುವವರೆಗೆ, 27 ವರ್ಷ ಅವರನ್ನು ಮೂಲೆಗೆ ಸರಿಸಲಾಗಿತ್ತು. ಈ ಸಭೆ ಕಟ್ಟಿದವರು ಇವರೇ ಎಂಬುದು ಜೊತೆಯಲ್ಲಿದ್ದ ಕಿರಿಯ ಭಗಿನಿಯರಿಗೇ ತಿಳಿದಿರಲಿಲ್ಲ. 2009ರ ಅಕ್ಟೋಬರ್ 11ರಂದು ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟವೆಂದರೆ ಯಾರಿಗೆ ಗೊತ್ತಿಲ್ಲ? ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುತ್ತೇವೆ. ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲುಗಿಸಿದಾಗ ಗುಡುಗುಡು ಸದ್ದಾದರೆ ಉಂಡೆ ಕೊಬ್ಬರಿ ಸಿದ್ಧ. ಆ ಸದ್ದಿಗಾಗಿ ಕಾಯಿಯನ್ನು ಕಿವಿಯ ಬಳಿ ಹಿಡಿಯುವ ನಾವು, ಅದೇ ಅಟ್ಟದ ಕೆಳಗೆ ಒಬ್ಬರೇ ಕುಳಿತ ಅಜ್ಜಿಯ ಮಾತಿಗೆ ಕಿವಿಗೊಡುತ್ತೇವೆಯೇ? ಮಕ್ಕಳು ಬೆಂಗಳೂರಿನ ರೈಲು ಹತ್ತಿದ್ದಾರೆ. ಪಕ್ಕದ ತೋಟದ ಮನೆ ಕೂಗಳತೆಯಲ್ಲಿಲ್ಲ. ಕಾಯಿ ಕೀಳುವವರು ಬಂದ ದಿನವಷ್ಟೇ ಆ ಮನೆಯಲ್ಲಿ ಮಾತು ಕೇಳಿಸುತ್ತದೆ.

2007ರಲ್ಲಿ ಸಂಸತ್ತು ತಂದೆ ತಾಯಿಯರ ಪೋಷಣೆಗೆ ಕಾನೂನು ಮಾಡಿತು. ಅದೇ ವರ್ಷ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಬಂತು. ಎರಡೂ ಬೇಕು. ಆದರೆ ಪಿಂಚಣಿ ಅಕ್ಕಿ ತಂದೀತು, ಜೊತೆಗೆ ಕೂತು ಉಣ್ಣುವವರನ್ನು ತರಲಾರದು. ಜೀನ್ ಜುಗನ್ ಮೊದಲು ಕೊಟ್ಟದ್ದು ಹಣವನ್ನಲ್ಲ, ತಮ್ಮ ಮನೆಯೊಳಗಿನ ಜಾಗವನ್ನು.

ಆದ್ದರಿಂದ ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ನೇರವಾಗಿ ಮನೆಗೆ ಹೋಗದಿರೋಣ. ಪೂಜೆಗೆ ಬರಲಾಗದ ಒಬ್ಬ ಹಿರಿಯರ ಜಗಲಿಯಲ್ಲಿ, ಅವರು ಯಾವ ಮತದವರೇ ಆಗಲಿ, ಮಕ್ಕಳೊಡನೆ ಅರ್ಧ ಗಂಟೆ ಕೂರೋಣ. ಹಳೆಯ ಕಥೆಯನ್ನೇ ಮತ್ತೆ ಹೇಳಿದರೂ ಕೇಳೋಣ. ಏಳುವಾಗ, ಮುಂದಿನ ವಾರವೂ ಬರುತ್ತೇವೆಂದು ಹೇಳೋಣ; ಹೇಳಿದಂತೆ ಹೋಗೋಣ.