ಟ್ಯೂನರಿನ ಮುಳ್ಳು ಮತ್ತು ನಮ್ಮ ಕಿವಿ



ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಎಲೆಕ್ಟ್ರಾನಿಕ್ ಟ್ಯೂನರನ್ನು ನೀವು ಸಂಗೀತದ ಅಂಗಡಿಯಲ್ಲಿ ನೋಡಿರಬಹುದು. ತಂತಿ ಮೀಟಿದೊಡನೆ ಸ್ವರದ ಹೆಸರು ಮೂಡುತ್ತದೆ. ಮುಳ್ಳು ಎಡಕ್ಕೆ ವಾಲಿದರೆ ಶ್ರುತಿ ಇಳಿದಿದೆ, ಬಲಕ್ಕೆ ವಾಲಿದರೆ ಏರಿದೆ, ನಡುವೆ ನಿಂತರೆ ಸರಿ. ಆದರೆ ಈ ‘ಸರಿ’ ಎಂಬುದನ್ನು ಗೊತ್ತುಮಾಡಿದವರು ಯಾರು? ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವರು ದಿನವೂ ಎದುರಿಸುವ ಪ್ರಶ್ನೆ ಇದು. ಅವರು ಟ್ಯೂನರನ್ನು ಹೇಗೆ ಆರಿಸಿಕೊಳ್ಳಬೇಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಹವಾಯಿಯ ಗಿಟಾರ್

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಒಂದು ಹೊಸ ವಾದನ ಪದ್ಧತಿ ಹುಟ್ಟಿತು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿ ನುಡಿಸುವ ಪದ್ಧತಿ ಅದು. ಇದರ ಕೀರ್ತಿ ಸಾಮಾನ್ಯವಾಗಿ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. ಆಗ ಅವರು ನಿಮ್ಮಂತೆಯೇ ಒಬ್ಬ ವಿದ್ಯಾರ್ಥಿ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಈ ಗಿಟಾರ್ ವಿದ್ಯುತ್ ವಾದ್ಯವಾಯಿತು.

ಆದರೆ ಒಂದು ತೊಡಕಿತ್ತು. ಬೆರಳುಗಳು ಒಂದೊಂದು ತಂತಿಯನ್ನು ಒಂದೊಂದು ಜಾಗದಲ್ಲಿ ಒತ್ತಬಲ್ಲವು. ನೇರವಾದ ಉಕ್ಕಿನ ತುಂಡಿಗೆ ಅದು ಸುಲಭವಲ್ಲ. ಹಾಗಾಗಿ ಬೇರೆ ಬೇರೆ ‘ಕಾರ್ಡ್’, ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬೇಕಾದಾಗ ತಂತಿಗಳ ಶ್ರುತಿಯನ್ನೇ ಬದಲಿಸುವ ಉಪಾಯ ಹುಡುಕಬೇಕಾಯಿತು. ಅದರ ಫಲವೇ ಪೆಡಲ್. ವೆಬ್ ಪಿಯರ್ಸ್ ಹಾಡಿದ, 1954ರಲ್ಲಿ ಜನಪ್ರಿಯವಾದ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ಸ್ವರಗಳು ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದರು. ಒಂದು ಸ್ವರ ನಿಂತಲ್ಲೇ ನಿಂತಿರಲು ಇನ್ನೊಂದು ಮೇಲೇರಿತು. ಅಮೆರಿಕದ ಕಂಟ್ರಿ ಸಂಗೀತಕ್ಕೆ ಆ ನಾದ ಗುರುತಿನ ಚೀಟಿಯಂತಾಯಿತು.

ಇಂದಿನ ಪೆಡಲ್ ಸ್ಟೀಲ್ ಕಾಲುಗಳ ಮೇಲೆ ನಿಂತ ಕಿರಿದಾದ ಮೇಜಿನಂತಿರುತ್ತದೆ. ಸಾಮಾನ್ಯವಾಗಿ 10 ತಂತಿ, ಪಾದದ ಕೆಳಗೆ 3 ಪೆಡಲ್, ಮೊಣಕಾಲಿನಿಂದ ಒತ್ತುವ ನಾಲ್ಕೈದು ಸನ್ನೆಗೋಲುಗಳು. ತಂತಿಗಳನ್ನು ಶ್ರುತಿ ಮಾಡಿದರೆ ಕೆಲಸ ಮುಗಿಯದು. ಒಂದೊಂದು ಪೆಡಲ್ ಒತ್ತಿದಾಗಲೂ ತಂತಿ ಎಲ್ಲಿಗೆ ಹೋಗಿ ನಿಲ್ಲಬೇಕೆಂಬುದನ್ನು ಬೇರೆಯಾಗಿಯೇ ಹೊಂದಿಸಬೇಕು. ಜೊತೆಗೆ ಪೆಡಲ್ ಒತ್ತಿದಾಗ ವಾದ್ಯದ ಒಡಲು ತುಸು ಬಾಗಿ, ಉಳಿದ ತಂತಿಗಳು ಕೂದಲೆಳೆಯಷ್ಟು ಇಳಿಯುವುದೂ ಉಂಟು.

ಶ್ರುತಿ ಅಳೆದ ಬಗೆ

1711ರಲ್ಲಿ ಲಂಡನ್ನಿನ ವಾದಕ ಜಾನ್ ಶೋರ್ ಶ್ರುತಿಕವೆಯನ್ನು ರೂಪಿಸಿದನು. ನಿಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿರುವುದು ಅದೇ. ಆದರೆ ಊರಿಂದೂರಿಗೆ ಶ್ರುತಿ ಬೇರೆಯಾಗಿತ್ತು. ಫ್ರಾನ್ಸ್ 1859ರಲ್ಲಿ ‘ಎ’ ಸ್ವರಕ್ಕೆ ಸೆಕೆಂಡಿಗೆ 435 ಕಂಪನಗಳೆಂದು ಸರ್ಕಾರಿ ಆದೇಶದಿಂದಲೇ ಗೊತ್ತುಮಾಡಿತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ 440 ಎಂದು ಒಪ್ಪಿತು. ಟ್ಯೂನರುಗಳಲ್ಲಿ ನೀವು ಕಾಣುವ 440 ಅಲ್ಲಿಂದ ಬಂದದ್ದು. ಅದು ಪ್ರಕೃತಿಯ ನಿಯಮವಲ್ಲ, ಮನುಷ್ಯರ ಒಪ್ಪಂದ.

ಅಮೆರಿಕದ ಕಾನ್ ಕಂಪನಿ 1936ರಲ್ಲಿ ‘ಸ್ಟ್ರೋಬೋಕಾನ್’ ಎಂಬ ಯಂತ್ರವನ್ನು ತಂದಿತು. ಅದರಲ್ಲಿ ತಿರುಗುವ ತಟ್ಟೆಗಳ ಮೇಲೆ, ಬರುವ ಸ್ವರದ ವೇಗಕ್ಕೆ ದೀಪ ಮಿಣುಕುತ್ತದೆ. ಎರಡರ ವೇಗ ಹೊಂದಿದರೆ ತಟ್ಟೆಯ ಪಟ್ಟೆಗಳು ನಿಂತಂತೆ ಕಾಣುತ್ತವೆ, ಹೊಂದದಿದ್ದರೆ ಜಾರುತ್ತವೆ. ಬಹಳ ನಿಖರವಾದ ಯಂತ್ರ, ಆದರೆ ಹೊತ್ತು ತಿರುಗಲು ಭಾರ. 1975ರಲ್ಲಿ ಜಪಾನಿನ ಕೋರ್ಗ್ ಸಂಸ್ಥೆಯ ‘ಡಬ್ಲ್ಯುಟಿ-10’ ಬಂದಾಗ ಮುಳ್ಳಿನ ಟ್ಯೂನರ್ ಕೈಗೆಟಕುವ ಗಾತ್ರಕ್ಕಿಳಿಯಿತು.

14 ಸೆಂಟ್‌ಗಳ ಜಗಳ

ಸಾಮಾನ್ಯ ಟ್ಯೂನರ್ ಒಂದು ಸ್ಥಾಯಿಯನ್ನು 12 ಸಮಪಾಲು ಮಾಡುತ್ತದೆ. ಪ್ರತಿ ಪಾಲನ್ನು ಮತ್ತೆ 100 ‘ಸೆಂಟ್’ಗಳಾಗಿ ಭಾಗಿಸುತ್ತಾರೆ. ಪಿಯಾನೋ ಶ್ರುತಿ ಮಾಡುವ ಕ್ರಮವೂ ಇದೇ. ಈಗ ಒಂದು ಲೆಕ್ಕ ನೋಡಿ. ಷಡ್ಜ ಸೆಕೆಂಡಿಗೆ 100 ಕಂಪನವಾದರೆ, ಅದರೊಡನೆ ಶುದ್ಧವಾಗಿ ಬೆರೆಯುವ ಅಂತರ ಗಾಂಧಾರ 125. ಸಮಪಾಲಿನ ಗಾಂಧಾರ ಸುಮಾರು 126. ಒಂದೇ ಒಂದು ಕಂಪನದ ವ್ಯತ್ಯಾಸ! ಆದರೆ ಷಡ್ಜದ ಐದನೆಯ ಉಪಸ್ವರ 500, ಈ ಗಾಂಧಾರದ ನಾಲ್ಕನೆಯ ಉಪಸ್ವರ ಸುಮಾರು 504. ಎರಡೂ ಕೂಡಿದಾಗ ನಾದ ಸೆಕೆಂಡಿಗೆ ನಾಲ್ಕು ಬಾರಿ ಅಲೆಯುತ್ತದೆ. ಸೆಂಟ್ ಲೆಕ್ಕದಲ್ಲಿ ಇದು ಸುಮಾರು 14.

ಪಿಯಾನೋದ ನಾದ ಬೇಗ ಕರಗುವುದರಿಂದ ಈ ಅಲೆ ಅಷ್ಟಾಗಿ ಕಾಡುವುದಿಲ್ಲ. ಪೆಡಲ್ ಸ್ಟೀಲಿನ ನಾದ ದೀರ್ಘ. ವಾದಕರು ಇನ್ನೊಂದು ಪೆಡಲ್ಲಿನಿಂದ ಅದರ ಗಟ್ಟಿತನವನ್ನೂ ಕಾಯ್ದುಕೊಳ್ಳುತ್ತಾರೆ. ಹೀಗಾಗಿ ಅಲೆ ಬಿಚ್ಚಿ ಕೇಳಿಸುತ್ತದೆ. ಅನೇಕ ವಾದಕರು ಗಾಂಧಾರದ ಸ್ಥಾನದ ತಂತಿಗಳನ್ನು ಬೇಕೆಂದೇ ಇಳಿಸಿಕೊಳ್ಳುವುದು ಇದಕ್ಕಾಗಿ. ಇನ್ನು ಕೆಲವರು, ಪಕ್ಕದಲ್ಲಿ ಪಿಯಾನೋ ನುಡಿಯುತ್ತಿರುವಾಗ ಅದರೊಡನೆ ಕೂಡಬೇಕೆಂದು, ಸಮಪಾಲಿಗೇ ಅಥವಾ ನಡುವಿನ ದಾರಿಗೆ ಒಪ್ಪುತ್ತಾರೆ. ತನ್ನೊಳಗೆ ಕೂಡುವುದೇ, ಇತರರೊಡನೆ ಕೂಡುವುದೇ? ಟ್ಯೂನರ್ ಇದಕ್ಕೆ ಉತ್ತರ ಹೇಳದು, ವಾದಕರೇ ನಿರ್ಧರಿಸಬೇಕು.

ಆರಿಸುವುದು ಹೇಗೆ?

ಮೊದಲನೆಯದಾಗಿ, ಟ್ಯೂನರ್ ಒಂದೆರಡು ಸೆಂಟ್‌ಗಳ ವ್ಯತ್ಯಾಸವನ್ನೂ ಸ್ಪಷ್ಟವಾಗಿ ತೋರಿಸಬೇಕು. ಇಲ್ಲದಿದ್ದರೆ ವಾದ್ಯದ ಒಡಲು ಬಾಗಿದ್ದು ಗೊತ್ತಾಗುವುದಿಲ್ಲ.

ಎರಡನೆಯದಾಗಿ, ಪ್ರತಿ ತಂತಿಗೂ ಪ್ರತಿ ಪೆಡಲ್ಲಿಗೂ ನಮಗೆ ಬೇಕಾದ ಏರಿಳಿತವನ್ನು ತುಂಬಿಡುವ ಸೌಲಭ್ಯವಿದ್ದರೆ ಉತ್ತಮ. ಆಗ 14 ಸೆಂಟ್ ಇಳಿದ ಸ್ವರವೂ ‘ಸರಿ’ ಎಂದೇ ತೋರುತ್ತದೆ. ಅಮೆರಿಕದ ಪೀಟರ್ಸನ್ ಸಂಸ್ಥೆ 2001ರಲ್ಲಿ ತಿರುಗುವ ತಟ್ಟೆಯನ್ನು ಪರದೆಯ ಮೇಲೆ ಚಿತ್ರವಾಗಿ ತೋರಿಸುವ ಚಿಕ್ಕ ಟ್ಯೂನರನ್ನು ತಂದಿತು. ಅದರ ಟ್ಯೂನರುಗಳಲ್ಲಿ ಪೆಡಲ್ ಸ್ಟೀಲಿಗೆಂದೇ ಸಿದ್ಧಪಡಿಸಿದ ಶ್ರುತಿಪಟ್ಟಿಗಳೂ ಇವೆ.

ಮೂರನೆಯದು, ಸ್ವರವನ್ನು ಹಿಡಿಯುವ ಬಗೆ. ಮೈಕಿನ ಟ್ಯೂನರಿಗೆ ವೇದಿಕೆಯ ಗದ್ದಲವೆಲ್ಲ ಕೇಳಿಸುತ್ತದೆ. ವಾದ್ಯಕ್ಕೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಮನೆಯ ಅಭ್ಯಾಸಕ್ಕೆ ಅನುಕೂಲ. ವೇದಿಕೆಯಲ್ಲಿ ತಂತಿ ಜೋಡಿಸುವ ಟ್ಯೂನರೇ ಮೇಲು, ಏಕೆಂದರೆ ಅದಕ್ಕೆ ಆ ಒಂದು ವಾದ್ಯದ ನಾದ ಮಾತ್ರ ತಲುಪುತ್ತದೆ. ಕುಳಿತಲ್ಲಿಂದಲೇ ಪರದೆ ಕಾಣುವಂತಿರಬೇಕೆಂಬುದನ್ನೂ ಮರೆಯಬಾರದು.

ನಮ್ಮ ತಂಬೂರಿಯನ್ನೂ ಇಲ್ಲಿ ನೆನೆಯಬೇಕು. ಚೆನ್ನಾಗಿ ಶ್ರುತಿಗೊಂಡ ತಂಬೂರಿಯ ಮಂದ್ರ ತಂತಿಯಿಂದ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಹೊಮ್ಮುತ್ತದೆ. ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಪೆಡಲ್ ಸ್ಟೀಲ್ ವಾದಕರು ತಂತಿ ಇಳಿಸಿ ಹುಡುಕುವ ಗಾಂಧಾರವೂ ಅದೇ. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ರೂಪಿಸಿದರು. ಅದು ಮುಳ್ಳು ತೋರಿಸುವುದಿಲ್ಲ. ಆಧಾರ ಶ್ರುತಿಯನ್ನು ನುಡಿಸಿ, ಉಳಿದದ್ದನ್ನು ಕಿವಿಗೆ ಬಿಡುತ್ತದೆ.

ನೀವೂ ಒಂದು ಪ್ರಯೋಗ ಮಾಡಿ. ತಂಬೂರಿಯ ಷಡ್ಜವನ್ನು ಟ್ಯೂನರಿನ ನಡುಮುಳ್ಳಿಗೆ ಹೊಂದಿಸಿ. ಬಳಿಕ ಟ್ಯೂನರನ್ನು ಮರೆಮಾಡಿ, ತಂಬೂರಿಯ ನಾದದಲ್ಲಿ ಅಲೆಯಿಲ್ಲದೆ ಕರಗುವಂತೆ ಅಂತರ ಗಾಂಧಾರವನ್ನು ನೀಳವಾಗಿ ಹಾಡಿ. ಆಗ ನಿಮ್ಮ ಗೆಳೆಯರು ಮುಳ್ಳನ್ನು ನೋಡಲಿ. ಅದು ನಡುವಿನಿಂದ ಎಷ್ಟು ಸೆಂಟ್ ಎಡಕ್ಕಿದೆ ಎಂಬುದನ್ನು ಬರೆದಿಟ್ಟು, ಮೇಲಿನ ಲೆಕ್ಕದೊಡನೆ ಹೋಲಿಸಿ.