ಮಿಲಿಟರಿ ಕಾಕಾನ ತಕ್ಕಡಿ

ಗದಗಿನ ಮಂದಿಗೆ ಸಹಕಾರ ಸಂಘ ಅಂದರೆ ಏನೆಂದು ಹೊರಗಿನವರು ಬಂದು ಹೇಳಬೇಕಾಗಿಲ್ಲ. ನಮ್ಮ ಮಗ್ಗುಲಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಆದರೆ ಬೀಜ-ಗೊಬ್ಬರಕ್ಕೆ ಸಾಲ ಕೊಡುವ ಸಂಘ ಬೇರೆ, ಪೇಟೆಯಲ್ಲಿ ಕೂತು ಸಕ್ಕರೆ, ಬೇಳೆ ತೂಗುವ ಸಂಘ ಬೇರೆ. ಎರಡನೆಯ ಬಗೆಯವು ನಮ್ಮ ಕಡೆ ಸಾಲುಸಾಲಾಗಿ ಹುಟ್ಟಿದ್ದಕ್ಕೆ ಒಂದು ಯುದ್ಧ ಕಾರಣ. 1962ರ ಅಕ್ಟೋಬರಿನಲ್ಲಿ ಚೀನಾದ ಸೈನ್ಯ ಗಡಿ ದಾಟಿತು. ಯುದ್ಧ ಬಂತೆಂದರೆ ವ್ಯಾಪಾರಿಗಳು ಮಾಲು ಅಡಗಿಸಿಡುತ್ತಾರೆ, ಧಾರಣೆ ಏರುತ್ತದೆ ಎಂಬುದು ಸರ್ಕಾರಕ್ಕೆ ಗೊತ್ತಿತ್ತು. ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಟ್ಟಣಗಳಲ್ಲಿ ಗ್ರಾಹಕರ ಸಹಕಾರ ಮಳಿಗೆ ತೆರೆಯುವ ಯೋಜನೆ ತಂದಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದಾಗ ದಿಲ್ಲಿಯಲ್ಲಿ ಸೂಪರ್ ಬಜಾರ್ ಬಾಗಿಲು ತೆರೆದದ್ದೂ ಇದೇ ಲೆಕ್ಕಾಚಾರದ ಮೇಲೆ. ನಮ್ಮ ಸಂಘವೂ ಆ ಕಾಲದ ಕೂಸು. ಅದರ ಅಧ್ಯಕ್ಷರು, ಷೇರು ಬಂಡವಾಳ, ಕಟ್ಟಡದ ಕಥೆಯನ್ನೆಲ್ಲ ಈ ಸಂಚಿಕೆಯಲ್ಲಿ ತಿಳಿದವರು ಬರೆದಿದ್ದಾರೆ. ನನ್ನ ಪಾಲಿಗೆ ಬಂದದ್ದು ಕೌಂಟರಿನ ಆಚೆ ನಿಂತಿದ್ದ ಒಬ್ಬ ಸೇಲ್ಸ್‌ಮನ್. ಗಿರಾಕಿಗಳಿಗೆ ಅವರು ಮಿಲಿಟರಿ ಕಾಕಾ, ನನಗೆ ಅಪ್ಪ.

ಅಪ್ಪನನ್ನು ಸೈನ್ಯಕ್ಕೆ ಕಳಿಸಿದ್ದೂ ಅದೇ ಯುದ್ಧವೇ. ಚೀನಾದ ಕೈಯಲ್ಲಿ ಪೆಟ್ಟು ತಿಂದ ಮೇಲೆ ಸೈನ್ಯದ ಭರ್ತಿ ಜೋರಾಯಿತು. ರೋಣದ ಕಡೆಯ ಎರೆಹೊಲದ ಹುಡುಗ ಸಾಲಿನಲ್ಲಿ ನಿಂತ, ಎದೆ ಅಳೆಸಿಕೊಂಡ, ಆರ್ಮಿ ಸರ್ವಿಸ್ ಕೋರ್‌ಗೆ ಸೇರಿದ. ಎಎಸ್‌ಸಿ ಅಂದರೆ ಸೈನ್ಯದ ಹೊಟ್ಟೆ ನೋಡಿಕೊಳ್ಳುವ ಪಡೆ. ಹಿಟ್ಟು, ಅಕ್ಕಿ, ಬೇಳೆ, ಹಾಲಿನ ಪುಡಿ, ಸೀಮೆಎಣ್ಣೆ ಎಲ್ಲ ಇವರ ಉಗ್ರಾಣಗಳಿಂದಲೇ ಹೋಗಬೇಕು. ಅಪ್ಪ ಗುಂಡು ಹಾರಿಸಿದ ಕಥೆಯನ್ನು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದೆಲ್ಲ ಚೀಲಗಳ ಕಥೆ. ಲಡಾಖಿನಲ್ಲಿ ಆಗ ಜೋಜಿ ಲಾ ಕಣಿವೆ ಹಿಮ ಬಿದ್ದು ಮುಚ್ಚಿತೆಂದರೆ ತೆರೆಯಲು ಬೇಸಿಗೆಯೇ ಬರಬೇಕಿತ್ತು. ಅಷ್ಟೂ ತಿಂಗಳ ದಿನಸಿಯನ್ನು ದಾರಿ ತೆರೆದಿರುವಾಗಲೇ ಮೇಲೆ ಸಾಗಿಸಿ ಒಟ್ಟಬೇಕು. ಲಾರಿ ಹೋಗದ ಕಡೆ ಹೇಸರಗತ್ತೆ ಹೋಗುತ್ತಿತ್ತು. ಇಲ್ಲಿ ಲೆಕ್ಕ ತಪ್ಪಿದರೆ ಜನವರಿಯಲ್ಲಿ ಯಾವುದೋ ಚೌಕಿಯಲ್ಲಿ ಒಬ್ಬ ಹಸಿದಿರುತ್ತಾನೆ, ಅವನ ಮುಖ ಮಾತ್ರ ನಮಗೆ ಕಾಣುವುದಿಲ್ಲ ಎನ್ನುತ್ತಿದ್ದರು.

ಅವರ ಕಥೆಗಳಲ್ಲಿ ನನಗೆ ಹೆಚ್ಚು ನೆನಪಿರುವುದು 1971ರ ಯುದ್ಧ ಮುಗಿದ ಮೇಲಿನದು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಪಡೆ ಶರಣಾಯಿತು. ಸುಮಾರು 93,000 ಮಂದಿ ಸೆರೆಯಾಳುಗಳನ್ನು ರೈಲಿನಲ್ಲಿ ತಂದು ಉತ್ತರದ ಶಿಬಿರಗಳಲ್ಲಿ ಇಟ್ಟರು. ಕೊನೆಯವರು ತಿರುಗಿ ಹೋದದ್ದು 1974ರಲ್ಲಿ. ಅಷ್ಟು ದಿನ ಅವರಿಗೆ ಅನ್ನ ಹಾಕಬೇಕಲ್ಲ? ಅಂಥ ಶಿಬಿರವೊಂದಕ್ಕೆ ರೇಷನ್ ತೂಗಿ ಕಳಿಸುವ ಡಿಪೋದಲ್ಲಿ ಅಪ್ಪ ಇದ್ದರು. ಹೊಸದಾಗಿ ಬಂದ ಹುಡುಗನೊಬ್ಬ, ಶತ್ರುಗಳಿಗೆ ಹೋಗೋ ಹಿಟ್ಟು ತಾನೇ ಅಂತ ಕೈ ಬಿಗಿಹಿಡಿದು ತೂಗಿದನಂತೆ. ಸುಬೇದಾರರು ಆ ಚೀಲಗಳನ್ನೆಲ್ಲ ಇಳಿಸಿ, ಅವನ ಕೈಯಲ್ಲೇ ಮತ್ತೆ ತೂಗಿಸಿದರು. ಜಿನೀವಾ ಒಪ್ಪಂದದ ಹೆಸರನ್ನು ಅಪ್ಪ ಆಗಲೇ ಮೊದಲು ಕೇಳಿದ್ದು. ಒಪ್ಪಂದ ಅವರಿಗೆಷ್ಟು ಅರ್ಥವಾಗಿತ್ತೋ, ಆ ಎರಡನೆಯ ಸಲದ ತೂಕ ಮಾತ್ರ ಚೆನ್ನಾಗಿ ಅರ್ಥವಾಗಿತ್ತು.

ನಾನು ಹುಟ್ಟಿದಾಗ ಅವರು ಊರಲ್ಲಿರಲಿಲ್ಲ. ಅವ್ವ ಹೇಳಿದ್ದನ್ನು ಶಾಲೆಯ ಮಾಸ್ತರು ಬರೆದು, 56 ಎಪಿಒ ವಿಳಾಸಕ್ಕೆ ಹಾಕುತ್ತಿದ್ದರು. ಪಿಂಚಣಿ ಪಡೆದು, ಹೆಸರು-ನಂಬರು ಬರೆದ ಕರಿ ಟ್ರಂಕಿನ ಸಮೇತ ಅಪ್ಪ ಮನೆಗೆ ಬಂದಾಗ ನಾನು ಶಾಲೆಗೆ ಹೋಗುವ ಹುಡುಗಿ. ಅವರನ್ನು ಕಂಡರೆ ಅವ್ವನ ಸೆರಗಿನ ಹಿಂದೆ ಅಡಗುತ್ತಿದ್ದೆ. ಅವರು ಅವಸರ ಮಾಡಲಿಲ್ಲ. ಅವ್ವ ಬೆಳಿಗ್ಗೆ ಹೊಲಕ್ಕೆ ಹೋಗುತ್ತಿದ್ದಳಲ್ಲ, ನನ್ನ ಜಡೆ ಹಾಕುವ ಕೆಲಸವನ್ನು ತಾವೇ ವಹಿಸಿಕೊಂಡರು. ಎರಡೂ ಜಡೆಯ ಉದ್ದ ಸರಿಯಾಗುವ ತನಕ ಬಿಚ್ಚಿ ಹಾಕುವುದು, ಹಾಕಿ ಬಿಚ್ಚುವುದು. ಶಾಲೆಗೆ ತಡವಾಗಿ ಬೈಸಿಕೊಂಡದ್ದುಂಟು.

ಸಂಘದ ಅಂಗಡಿಗೆ ಅಪ್ಪ ಸೇರಿದ್ದು ಆಮೇಲೆ. ರೇಷನ್ ಸಕ್ಕರೆ, ಪಾಮೋಲಿನ್ ಎಣ್ಣೆ, ಸೀಮೆಎಣ್ಣೆಗೆ ಬೀದಿಯುದ್ದ ಪಾಳಿ ನಿಲ್ಲುತ್ತಿದ್ದ ಕಾಲ. ಮೆಟ್ರಿಕ್ ತೂಕ ಕಡ್ಡಾಯವಾಗಿ ಎಷ್ಟೋ ವರ್ಷವಾಗಿದ್ದರೂ ಹಳ್ಳಿಯ ಮುದುಕಿಯರು ಕೇಳುವುದು ಅಚ್ಚೇರು, ಪಾವಸೇರು, ಛಟಾಕು. ಅಪ್ಪ ಅವರ ಭಾಷೆಯಲ್ಲೇ ಕೇಳಿಸಿಕೊಂಡು ಗ್ರಾಮಿನಲ್ಲಿ ತೂಗುತ್ತಿದ್ದರು. ಪೇಟೆಯ ಅಂಗಡಿಗಳಲ್ಲಿ ಪೊಟ್ಟಣದ ಕಾಗದವೂ ಬೇಳೆಯ ದರದಲ್ಲೇ ಮಾರಾಟವಾಗುತ್ತಿತ್ತು. ಅಪ್ಪ ಅಷ್ಟೇ ದೊಡ್ಡ ಕಾಗದವನ್ನು ಕಲ್ಲಿನ ತಟ್ಟೆಗೂ ಹಾಕುತ್ತಿದ್ದರು. ಮಾಲಿನ ತಟ್ಟೆ ಗಿರಾಕಿಯ ಕಡೆ ತುಸು ಬಾಗಿದ ಮೇಲೆಯೇ ಕೈ ತೆಗೆಯುವುದು.

ಇದರಿಂದ ಆದದ್ದೇನು? ವರ್ಷಾ ವರ್ಷಾ ಆಡಿಟ್‌ನಲ್ಲಿ ಅಪ್ಪನ ಮಾಲು ಕಮ್ಮಿ ಬೀಳುತ್ತಿತ್ತು. ಕಿರಾಣಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ನೂರು ಕಿಲೋ ಸಕ್ಕರೆ ಚೀಲವನ್ನು ಕಾಲು ಕಿಲೋದಂತೆ ತೂಗಿದರೆ ನಾನೂರು ಪೊಟ್ಟಣ. ಒಂದೊಂದಕ್ಕೆ ಎರಡೂವರೆ ಗ್ರಾಂ ಹೆಚ್ಚು ಹೋದರೂ ಚೀಲಕ್ಕೆ ಒಂದು ಕಿಲೋ ಮಾಯ. ಬೇಸಿಗೆಯಲ್ಲಿ ಬೆಲ್ಲ ಒಣಗುತ್ತದೆ, ಮೆಣಸಿನಕಾಯಿ ಒಣಗುತ್ತದೆ, ಗೋಣಿಯ ಸಂದಿನಲ್ಲಿ ಬೇಳೆ ಸೋರುತ್ತದೆ, ಇಲಿಯ ಪಾಲು ಬೇರೆ. ನಮ್ಮಲ್ಲಿ ಈ ಕಸರಿಗೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಕಮ್ಮಿ ಬಿದ್ದದ್ದು ಸೇಲ್ಸ್‌ಮನ್‌ನ ಪಗಾರದಲ್ಲಿ ಮುರಿಯುತ್ತಿತ್ತು. ಉಳಿದವರ ಶಿಲ್ಕು ಸರಿಯಾಗಿ ಕೂಡುತ್ತಿತ್ತು. ಹೇಗೆ ಕೂಡುತ್ತಿತ್ತೆಂದು ಕಮಿಟಿಯವರು ಕೇಳಲಿಲ್ಲ. ಅಪ್ಪನದು ಯಾಕೆ ಕೂಡುವುದಿಲ್ಲವೆಂದು ಮಾತ್ರ ಕೇಳಿದರು. ಸಂಘದ ಸಂಚಿಕೆಯಲ್ಲೇ ಇದನ್ನು ಬರೆದರೆ ಕೆಲವರಿಗೆ ಇರಿಸುಮುರುಸಾದೀತು. ಆದರೆ ಸಂಘದ ಹೆಸರು ಉಳಿದದ್ದು ಠರಾವು ಪುಸ್ತಕದಿಂದಲ್ಲ, ಆ ಮುರಿದ ಪಗಾರದಿಂದ ಎಂದೇ ನನ್ನ ಲೆಕ್ಕ. ಪಕ್ಕದ ಅಂಗಡಿ ಖಾಲಿ ಇದ್ದರೂ ಅಪ್ಪನ ಕೌಂಟರಿನಲ್ಲಿ ಪಾಳಿ ಇರುತ್ತಿತ್ತು.

ಅವರೇನು ದೇವರಂಥ ಮನುಷ್ಯರಲ್ಲ. ಮುಂಗೋಪ ಬಹಳ. ಪಾಳಿ ಮುರಿದು ಬಂದ ಡೈರೆಕ್ಟರ್ ಒಬ್ಬರನ್ನು ಎಲ್ಲರೆದುರು ಹಿಂದಕ್ಕೆ ಕಳಿಸಿದ್ದರು. ಬಡ್ತಿಯ ಮಾತು ಅಲ್ಲಿಗೇ ನಿಂತಿತು. ಉದ್ರಿ ಕೇಳಿದವರಿಗೆ ಸಂಘದ ನಿಯಮ ಓದಿ ಹೇಳುತ್ತಿದ್ದರು, ಮನೆಯ ಸಕ್ಕರೆಗೂ ರಸೀದಿ ಹರಿಸುತ್ತಿದ್ದರು. ನನ್ನನ್ನು ಧಾರವಾಡಕ್ಕೆ ಓದಲು ಕಳಿಸುವಾಗ ಮಾತ್ರ ಅವರು ಯಾವ ಲೆಕ್ಕವನ್ನೂ ಹಾಕಲಿಲ್ಲ. ಪಗಾರ ಮನೆಗೆ, ಪಿಂಚಣಿ ಪೂರ್ತಿ ನನ್ನ ಫೀಸು, ಹಾಸ್ಟೆಲಿಗೆ. "ಹುಡುಗೀನ ಅಷ್ಟ್ಯಾಕ ಓದಸ್ತೀ?" ಎಂದ ಬಂಧುಗಳಿಗೆ, "ನಿಮ್ಮ ರೊಕ್ಕ ಏನಾರ ಕೇಳೇನೇನು?" ಎಂದಷ್ಟೇ ಉತ್ತರ.

ಅವರ ನಿವೃತ್ತಿಗೆ ಸ್ವಲ್ಪ ಮುಂಚೆ ಹೊಸದಾಗಿ ಬಂದ ಆಡಿಟರೊಬ್ಬರು ಹಳೆಯ ಪುಸ್ತಕಗಳನ್ನು ತಿರುವಿ ಹಾಕಿ, ತೂಕದ ಕಸರಿಗೆ ಇಂತಿಷ್ಟೆಂದು ಬಿಡಬೇಕೆಂದು ಬರೆದರು. ಕಮಿಟಿ ಠರಾವು ಮಾಡಿತು. ಅಪ್ಪ ಸುದ್ದಿ ತಂದ ರಾತ್ರಿ ಅವ್ವ, ಇಷ್ಟು ವರ್ಷ ಹಿಡಿದದ್ದು ವಾಪಸ್ ಬರ್ತೈತೇನು ಎಂದು ಕೇಳಿದಳು.

"ಠರಾವು ಮುಂದಿನ ತಿಂಗಳಿಂದ," ಎಂದರು ಅಪ್ಪ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಆ ರೊಕ್ಕದಾಗ ಎರಡು ಎಮ್ಮಿ ಬರ್ತಿದ್ವು," ಅಂದಳು. ಅಪ್ಪ ಕೂತು ಲೆಕ್ಕ ಹಾಕಿದರು. "ಎರಡಲ್ಲ, ಒಂದೂವರಿ."